ಗಜನಿಂಬೆ ಗಿಡದ ರಾಟವಾಳ

ಕೊಟ್ಟಿಗೆ ಹಿಂದಿನ ಗಜನಿಂಬೆ ಗಿಡದಲ್ಲಿ ಗೂಡು ಏಳುತ್ತಿದೆ ಎಂದು ಗೊತ್ತಾದದ್ದು ಒಂದು ಕರಡದ ಎಸಳಿನಿಂದ. ಸೆಪ್ಟೆಂಬರ್ ಮೊದಲ ವಾರ, ಮಳೆ ಹೊಳವಾಗಿ ಎರಡು ದಿನವಾಗಿತ್ತು. ಗದ್ದೆಬದುವಿನ ಕಡೆಯಿಂದ ಬಂದ ಹಕ್ಕಿಯ ಕೊಕ್ಕಿನಲ್ಲಿ ಅದರ ಮೈಗಿಂತ ಮೂರು ಪಟ್ಟು ಉದ್ದದ ಹುಲ್ಲು, ಗಾಳಿಪಟದ ಬಾಲಂಗೋಚಿಯ ಹಾಗೆ ಹಿಂದೆ ತೇಲುತ್ತಿತ್ತು. ಗಿಡಕ್ಕೆ ನುಗ್ಗುವಾಗ ಹುಲ್ಲು ಮುಳ್ಳಿಗೆ ಸಿಕ್ಕಿಕೊಂಡಿತು. ಹಕ್ಕಿ ಬಿಡಲಿಲ್ಲ, ಜಗ್ಗಲೂ ಇಲ್ಲ. ಎಸಳನ್ನು ಕೊಕ್ಕಿನಲ್ಲೇ ಸ್ವಲ್ಪ ಸ್ವಲ್ಪ ಸರಿಸಿಕೊಳ್ಳುತ್ತ ಮುಳ್ಳಿನವರೆಗೆ ಬಂದು, ಬಿಡಿಸಿಕೊಂಡು ಒಳಗೆ ಹೋಯಿತು. ತಿರುಗಿ ಹೊರಟಾಗ ಸೊಂಟದ ಮೇಲೆ ಬಿಳಿ ಪಟ್ಟೆ ಮಿಂಚಿತು. ಬಿಳಿಬೆನ್ನಿನ ರಾಟವಾಳ.

ನಮ್ಮ ಮಲೆನಾಡಿನ ಗದ್ದೆಬಯಲಿನಲ್ಲಿ ಈ ಪಟ್ಟೆ ಸಾಕು. ಚುಕ್ಕೆ ರಾಟವಾಳದ ಹೊಟ್ಟೆಯ ಮೇಲೆ ಮೀನಿನ ಹುರುಪೆಯಂಥ ಗೀಟುಗಳಿವೆ, ಸೊಂಟ ಬಿಳಿಯಲ್ಲ. ಕಪ್ಪುಗಂಟಲಿನದು ಮುಖ ನೋಡಿದರೆ ಇದರ ದಾಯಾದಿ, ಆದರೆ ಸೊಂಟ ಕಂದು. ಬಯಲುಸೀಮೆಗೆ ಹೋದರೆ ಮಾತ್ರ ಈ ಗುರುತು ಕೈಕೊಡುತ್ತದೆ. ಅಲ್ಲಿಯ ಬಿಳಿಗಂಟಲಿನ ರಾಟವಾಳಕ್ಕೂ ಸೊಂಟ ಬಿಳಿಯೇ. ಒಂದು ಗುರುತು ಸಾಕೋ ಸಾಲದೋ ಎನ್ನುವುದು ಪಟ್ಟಿಯಲ್ಲಿ ಯಾರ್ಯಾರು ಇದ್ದಾರೆ ಎನ್ನುವುದರ ಮೇಲಿದೆ. ಮುಂದೆ ಬೇಕಾಗುವುದರಿಂದ ಇದನ್ನು ಇಲ್ಲೇ ಬರೆದಿಡುತ್ತೇನೆ.

ರಾಟವಾಳದಲ್ಲಿ ಹಾಡುವುದು ಗಂಡು ಮಾತ್ರ. ಗಂಡು ಹೆಣ್ಣು ನೋಡುವುದಕ್ಕೆ ಒಂದೇ. ಹಾಡಿತು ಎಂದರೆ ಗಂಡು. ಸುಮ್ಮನಿದ್ದರೆ ಏನೂ ಹೇಳುವಂತಿಲ್ಲ. ಹಾಡೋ, ಮಡಿವಾಳ ಹಕ್ಕಿಯದರಂತೆ ಊರಿಗೆಲ್ಲ ಕೇಳಿಸುವಂಥದ್ದಲ್ಲ. ಹದಿನೈದು ಅಡಿ ಆಚೆ ನಿಂತರೆ ಜೀರುಂಡೆಯ ಸದ್ದಿನೊಳಗೆ ಕಲಸಿಹೋಗುತ್ತದೆ. ಹಕ್ಕಿ ನೆಟ್ಟಗೆ ನಿಂತು, ಹೊಟ್ಟೆಯ ಗರಿ ಉಬ್ಬಿಸಿ, ಗಂಟಲು ಅದುರಿಸುವುದು ಕಾಣುತ್ತದೆ, ದನಿ ಕಿವಿಗೆ ಬರುವುದಿಲ್ಲ. ಎಷ್ಟೋ ವರ್ಷ ನಾನು ಇದನ್ನು ಹಾಡದ ಹಕ್ಕಿ ಎಂದೇ ತಿಳಿದಿದ್ದೆ.

ಕಡೆಗೆ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗಿಡದ ಕವಲಿಗೆ ಕಟ್ಟಿ ಬರತೊಡಗಿದೆ. ಮೂರು ವಾರಕ್ಕೆ ನಲವತ್ತರ ಆಸುಪಾಸು ಹಾಡು ಸಿಕ್ಕವು. ವೇಗ ತಗ್ಗಿಸಿ ಕೇಳಿದಾಗ ಗೆಜ್ಜೆ ಕುಲುಕಿದಂತಿದ್ದದ್ದು ಬಿಡಿಬಿಡಿಯಾಯಿತು. ಒಂದೊಂದು ಸದ್ದಿಗೆ ಒಂದೊಂದು ಅಕ್ಷರ ಕೊಟ್ಟೆ. ಇಡೀ ಹಾಡಿಗೆ ಏಳು ಅಕ್ಷರ ಸಾಕಾದವು. ನನ್ನ ಗಮನ ಹಿಡಿದಿಟ್ಟದ್ದು ಕೊನೆಯ ತುಣುಕು. ಅಡಿಕೆ ಕತ್ತರಿಸಿದಂಥ ಒಂದು ಒಣ ಸದ್ದು, ಅದು ಕ. ತೆಳ್ಳಗಿನ ಒಂದು ಚಿಟಿಕೆ, ಅದು ಚ. ಬೆಕ್ಕು ಗುರುಗುಟ್ಟಿದಂತೆ ಎಳೆದು ನಿಲ್ಲುವುದು ರ. ಮೊದಲ ದಿನ ‘ಕರ’ ಸಿಕ್ಕಿತು. ಮರುದಿನ ‘ಕಚರ’. ಆ ಸಂಜೆಯೇ ಪುಸ್ತಕದಲ್ಲಿ ಧೈರ್ಯವಾಗಿ ಬರೆದುಬಿಟ್ಟೆ: ಮೊದಲು ಕ, ನಡುವೆ ಎಷ್ಟು ಬೇಕಾದರೂ ಚ, ಕೊನೆಗೆ ರ.

ಎರಡೇ ಹಾಡು ಕೇಳಿ ಅಷ್ಟು ದೂರ ಹಾರಿದ್ದು ಸರಿಯೇ? ಆ ಪ್ರಶ್ನೆಯ ಹಿಂದೆ ಹೋದದ್ದರಿಂದಲೇ ಈ ಟಿಪ್ಪಣಿ ಇಷ್ಟುದ್ದ ಆಯಿತು.

ನನಗಿಂತ ಮೊದಲು ಇದನ್ನು ಎದುರಿಸುವುದು ಗೂಡಿನ ಮರಿ. ರಾಟವಾಳಗಳಲ್ಲಿ ಒಂದು ವಿಚಿತ್ರ ನಡತೆ ಇದೆ. ಗಂಡು ಹಾಡುವಾಗ ಪಕ್ಕದ ಹಕ್ಕಿ ಸರಿದು ಬಂದು, ಕತ್ತು ಚಾಚಿ, ಹಾಡುವವನ ಕೊಕ್ಕಿಗೆ ತನ್ನ ತಲೆ ತಾಗುವಷ್ಟು ಹತ್ತಿರ ಹಿಡಿದು ಕೇಳುತ್ತದೆ. ಕಿವಿ ಮಂದವಾದ ಅಜ್ಜ ರೇಡಿಯೋಗೆ ಕಿವಿ ಹಚ್ಚಿದಂತೆ. ಹಾಡುವವನು ಅಟ್ಟುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. ಮರಿಗಳೂ ಹೀಗೆ ಕೇಳುತ್ತವೆ. ಅವಕ್ಕೆ ಸಿಗುವ ಪಾಠ ಇದಿಷ್ಟೇ: ಅಪ್ಪ ಹಾಡಿದ್ದು. ಅಪ್ಪ ಹಾಡಿದ್ದೆಲ್ಲ ಸರಿಯಾದ ಹಾಡೇ. ಸಂಗೀತದ ಮೇಷ್ಟ್ರು ಅಪಸ್ವರ ಹಿಡಿದರೆ ತೊಡೆಗೆ ಬಡಿಯುತ್ತಾರೆ, ತಾವೇ ತಪ್ಪಾಗಿ ಹಾಡಿ ‘ಹೀಗಲ್ಲ’ ಎಂದು ಅಣಕಿಸಿ ತೋರಿಸುತ್ತಾರೆ. ರಾಟವಾಳದ ಅಪ್ಪ ಒಂದು ತಪ್ಪು ಹಾಡು ಹಾಡಿ, ಇದು ನಮ್ಮದಲ್ಲ ಮಗನೇ ಎಂದು ಹೇಳಿದ್ದನ್ನು ನಾನಂತೂ ಕಂಡಿಲ್ಲ. (ಅಮೆರಿಕದ ಕೌಬರ್ಡ್ ಎಂಬ ಹಕ್ಕಿಯಲ್ಲಿ ಹಾಡಲು ಬಾರದ ಹೆಣ್ಣು, ಎಳೆ ಗಂಡಿನ ಹಾಡು ಮೆಚ್ಚಿಗೆಯಾದರೆ ರೆಕ್ಕೆಯನ್ನು ಒಮ್ಮೆ ಚಕ್ಕನೆ ಬಿಚ್ಚಿ ಮುಚ್ಚುತ್ತದೆ, ಗಂಡು ಆ ಹಾಡನ್ನೇ ಮತ್ತೆ ಮತ್ತೆ ಹಾಡುತ್ತದೆ. ಅಲ್ಲಿಯೂ ಸಿಗುವುದು ಹೌದು ಎಂಬ ಸನ್ನೆಯೇ.)

ಕಂಪ್ಯೂಟರ್ ಶಾಸ್ತ್ರದವರು ಈ ಮರಿಯ ಪಾಡನ್ನು ಹಕ್ಕಿಯ ಹೆಸರೆತ್ತದೆ ಬಹಳ ಹಿಂದೆಯೇ ಲೆಕ್ಕಕ್ಕೆ ಇಳಿಸಿದ್ದಾರೆ. ಅವರು ರೆಗ್ಯುಲರ್ ಭಾಷೆ ಎನ್ನುವುದನ್ನು ನಾನು ಗದ್ದೆಬದುವಿನಲ್ಲಿ ಅರ್ಥ ಮಾಡಿಕೊಂಡೆ. ಬದುಗಳು ಕೂಡುವ ಮೂಲೆಗಳು ಎಷ್ಟಿವೆಯೋ ಅಷ್ಟೇ, ಎಣಿಸಬಹುದಾದಷ್ಟು. ನಡೆಯುವವನಿಗೆ ತಾನು ಯಾವ ಮೂಲೆಯಲ್ಲಿ ನಿಂತಿದ್ದೇನೆ ಎಂಬುದಷ್ಟೇ ಗೊತ್ತು. ಯಾವ ದಾರಿಯಲ್ಲಿ ಸುತ್ತಿ ಬಂದೆ ಎಂಬ ನೆನಪಿಲ್ಲ. ಒಂದೊಂದು ಬದುವಿಗೆ ಒಂದೊಂದು ಅಕ್ಷರ. ಮನೆಯಿಂದ ಹೊರಟು ಕಣ ಮುಟ್ಟುವವರೆಗೆ ತುಳಿದ ಅಕ್ಷರಗಳನ್ನು ಜೋಡಿಸಿದರೆ ಒಂದು ಹಾಡು. ಹಾಗೆ ನಡೆಯಬಹುದಾದ ಹಾಡುಗಳೆಲ್ಲ ಸೇರಿ ಆ ಗದ್ದೆಯ ಭಾಷೆ. ಒಂದು ಬದು ಸುತ್ತಿ ಬಂದು ಅದೇ ಮೂಲೆಗೆ ಸೇರಿದರೆ, ನನ್ನ ಚ ಇದ್ದಂತೆ, ಎಷ್ಟು ಸುತ್ತು ಬೇಕಾದರೂ ಹಾಕಬಹುದು.

ಪ್ರಶ್ನೆ ಇದು: ಗದ್ದೆಯನ್ನು ಕಣ್ಣಿಂದ ನೋಡದೆ, ನಡೆದವರ ಹಾಡುಗಳನ್ನಷ್ಟೇ ಕೇಳಿ, ಬದುಗಳ ನಕ್ಷೆ ಬರೆಯಬಹುದೇ? 1967ರಲ್ಲಿ ಮಾರ್ಕ್ ಗೋಲ್ಡ್ ಎಂಬವರು, ಯಾವ ಗದ್ದೆಯಾದರೂ ಆಗಬಹುದು ಎನ್ನುವುದಾದರೆ ಆಗದು ಎಂದು ಸಾಧಿಸಿ ತೋರಿಸಿದರು. ಅವರ ವಾದದ ತಿರುಳು ನನ್ನ ಗಜನಿಂಬೆ ಗಿಡಕ್ಕೇ ಹೊಂದುತ್ತದೆ. ಈ ಊರಿನಲ್ಲಿ ಹಲವು ಬಗೆಯ ರಾಟವಾಳಗಳಿವೆ ಎಂದಿಟ್ಟುಕೊಳ್ಳಿ: ಒಂದು ಚ ದಾಟದವು, ಎರಡು ದಾಟದವು, ಮೂರು ದಾಟದವು, ಹೀಗೆ ಕೊನೆಯಿಲ್ಲದ ಸಾಲು. ಜೊತೆಗೆ, ಚಕಾರಕ್ಕೆ ಮಿತಿಯೇ ಇಲ್ಲದ ಒಂದು. ಗಿಡದಿಂದ ಮೂರು ಚ ವರೆಗೆ ಕೇಳಿದೆ. ‘ಇದಕ್ಕೆ ಮಿತಿಯಿಲ್ಲ’ ಎಂದು ಬರೆದೆ ಅನ್ನಿ. ನಿಜದಲ್ಲಿ ಅದು ಮೂರು ದಾಟದ ಹಕ್ಕಿಯಾಗಿದ್ದರೆ? ಅದು ಹಾಡುವುದೆಲ್ಲ ನನ್ನ ನಿಯಮದೊಳಗೇ ಬರುತ್ತದೆ. ಸಾಯುವವರೆಗೆ ಕೂತು ಕೇಳಿದರೂ ನಾನು ತಪ್ಪಿದೆ ಎಂದು ಹೇಳುವ ಹಾಡು ಒಂದೂ ಬರುವುದಿಲ್ಲ. ಸರಿ, ಹುಷಾರಾಗಿರೋಣ, ಕೇಳಿದಷ್ಟೇ ಬರೆಯೋಣ ಎಂದರೆ, ಮಿತಿಯಿಲ್ಲದ ಹಕ್ಕಿ ನಾಳೆ ನಾಲ್ಕು ಹಾಡಿ ಹೊಡೆದುಹಾಕಿಸುತ್ತದೆ, ನಾಳಿದ್ದು ಐದು. ಎಂದಿಗೂ ಒಂದು ನಿಯಮಕ್ಕೆ ನಿಲ್ಲಲಾರೆ. ಮಿತಿಯಿರುವ ಚಿಲ್ಲರೆ ಭಾಷೆಗಳೆಲ್ಲ ಇದ್ದು, ಮಿತಿಯಿಲ್ಲದ್ದು ಒಂದೇ ಒಂದು ಇದ್ದರೂ ಸಾಕು, ಸರಿಯಾದ ಉದಾಹರಣೆ ಮಾತ್ರ ಕೇಳುವವನಿಗೆ ಇದು ಗತಿ. ರೆಗ್ಯುಲರ್ ಭಾಷೆಗಳಲ್ಲಿ ಇವೆಲ್ಲ ಇವೆ.

ಹಾಗಿದ್ದೂ ಮರಿ ಕಲಿಯುತ್ತದೆ. ವರ್ಷ ವರ್ಷವೂ, ಗದ್ದೆ ಗದ್ದೆಯಲ್ಲೂ.

ಬಾಗಿಲು ತೆರೆದವರಲ್ಲಿ ಮುಖ್ಯರು ಡಾನಾ ಆಂಗ್ಲುಯಿನ್. ಯೇಲ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ಯಾವ ಪಟ್ಟಿಯಾದರೆ ಕಲಿಯಬಹುದು ಎಂದು ಅವರು 1980ರಲ್ಲಿ ಹೇಳಿದ್ದನ್ನು ಓದಿದಾಗ ನನಗೆ ಆ ಬಿಳಿ ಸೊಂಟ ನೆನಪಾಯಿತು. ಪಟ್ಟಿಯಲ್ಲಿರುವ ಪ್ರತಿ ಭಾಷೆಗೂ ಎಣಿಸಬಹುದಾದಷ್ಟು ಕುರುಹು ಹಾಡುಗಳು ಇರಬೇಕು. ಅಷ್ಟನ್ನು ಕೇಳಿದ ಮೇಲೆ, ಅವನ್ನೆಲ್ಲ ಒಳಗೊಂಡೂ ಆ ಭಾಷೆಗಿಂತ ಕಿರಿದಾಗಿ ಅದರೊಳಗೇ ಅಡಗುವ ಇನ್ನೊಂದು ಭಾಷೆ ಪಟ್ಟಿಯಲ್ಲಿ ಇರಕೂಡದು. ಕುರುಹು ಕಂಡೊಡನೆ ಧೈರ್ಯವಾಗಿ ಹಿರಿದಾದದ್ದನ್ನು ಊಹಿಸಬಹುದು. ಅತಿಯಾಗಿ ಹಾರುವ ಅಪಾಯವಿಲ್ಲ. ಮಲೆನಾಡಿನ ಪಟ್ಟಿಗೆ ಬಿಳಿ ಸೊಂಟ ಕುರುಹು. ಬಯಲುಸೀಮೆಯ ಹಕ್ಕಿಯನ್ನೂ ಸೇರಿಸಿದರೆ ಅದೇ ಸೊಂಟ ಕುರುಹಲ್ಲ.

ಎರಡು ವರ್ಷ ಬಿಟ್ಟು, 1982ರಲ್ಲಿ, ಅವರೇ ಅಂಥ ಒಂದು ಪಟ್ಟಿ ಕೊಟ್ಟರು. ರಿವರ್ಸಿಬಲ್ ಭಾಷೆಗಳು, ಹಿಂದು ಮುಂದಾಗಿ ನಡೆದರೂ ದಾರಿ ತಪ್ಪದ ಗದ್ದೆಗಳು ಎನ್ನೋಣ. ಯಾವ ಮೂಲೆಯಿಂದಲೂ ಒಂದು ಅಕ್ಷರಕ್ಕೆ ಒಂದೇ ಬದು ಹೊರಡಬೇಕು. ಯಾವ ಮೂಲೆಗೂ ಒಂದು ಅಕ್ಷರದ ಒಂದೇ ಬದು ಬಂದು ಸೇರಬೇಕು. ಕಣ ಒಂದೇ ಇರಬೇಕು. ಇಷ್ಟು ಕಟ್ಟುಪಾಡು ಒಪ್ಪಿದರೆ ಕಲಿಯುವುದು ಮಕ್ಕಳಾಟ, ಅದೂ ಬೇಗ.

ನನ್ನ ಎರಡು ಹಾಡನ್ನೇ ಹಿಡಿದು ಮಾಡಿ ನೋಡಿದೆ. ‘ಕರ’: ಮನೆಯಿಂದ ಕ ಬದು ತುಳಿದು ಮೊದಲ ಮೂಲೆ, ಅಲ್ಲಿಂದ ರ ತುಳಿದು ಕಣ. ‘ಕಚರ’: ಕ ತುಳಿದು ಅದೇ ಮೊದಲ ಮೂಲೆ, ಚ ತುಳಿದು ಎರಡನೇ ಮೂಲೆ, ರ ತುಳಿದು ಕಣ. ಈಗ ಕಣದಲ್ಲಿ ನಿಂತು ಹಿಂದಿರುಗಿ ನೋಡಿ. ರ ಎಂಬ ಬದು ಎರಡು ಕಡೆಯಿಂದ ಬಂದು ಸೇರಿದೆ, ಒಂದು ಮೊದಲ ಮೂಲೆಯಿಂದ, ಒಂದು ಎರಡನೆಯದರಿಂದ. ಕಟ್ಟುಪಾಡಿನಲ್ಲಿ ಹಾಗಿರುವಂತಿಲ್ಲ. ಆದ್ದರಿಂದ ನಾನು ಎರಡು ಎಂದುಕೊಂಡ ಮೂಲೆಗಳು ನಿಜವಾಗಿ ಒಂದೇ. ಒಂದೇ ಎಂದಾದೊಡನೆ ನಡುವಿನ ಚ ಬದು ಹೊರಟಲ್ಲಿಗೇ ಮರಳುವ ಸುತ್ತುಬದು ಆಗಿಬಿಡುತ್ತದೆ. ಎಷ್ಟು ಚ ಬೇಕಾದರೂ! ಸಂಜೆಯ ಹೊತ್ತು ಧೈರ್ಯದಲ್ಲಿ ಗೀಚಿದ್ದು ಈ ಪಟ್ಟಿಯ ಮಟ್ಟಿಗೆ ನ್ಯಾಯವಾದ ತೀರ್ಮಾನವೇ ಆಗಿತ್ತು. ಎರಡು ಹಾಡಿನಿಂದ ಎಣಿಕೆಯಿಲ್ಲದಷ್ಟು ಹಾಡು.

ಆದರೆ ಕಟ್ಟುಪಾಡನ್ನು ಕೊಂಚ ಸಡಿಲಿಸಬಹುದು. ಹಿಂದಿರುಗಿ ಬರುವವನಿಗೆ ಗೊಂದಲವಾದರೆ ಇನ್ನೊಂದು ಅಕ್ಷರದಷ್ಟು ಹಿಂದೆ ಇಣುಕಲು ಬಿಡಿ. ‘ಕರ’ದಲ್ಲಿ ರ ಹಿಂದೆ ಇರುವುದು ಕ, ‘ಕಚರ’ದಲ್ಲಿ ಚ. ಬೇರೆ ಬೇರೆ. ಹಾಗಾದರೆ ಮೂಲೆಗಳನ್ನು ಒಂದು ಮಾಡುವ ಒತ್ತಾಯವಿಲ್ಲ, ಇನ್ನೂ ಕಾಯಬೇಕು. ಮೂರನೆಯ ದಿನ ‘ಕಚಚರ’ ಬಂತು. ಈಗ ಒಂದು ಚ ಆದ ಮೇಲೂ ರ ಬಂದಿದೆ, ಎರಡು ಚ ಆದ ಮೇಲೂ ರ ಬಂದಿದೆ, ಎರಡರ ಹಿಂದೆಯೂ ಇರುವುದು ಚಕಾರವೇ. ಈಗ ಸೇರಿಸದೆ ವಿಧಿಯಿಲ್ಲ. ಸುತ್ತುಬದು ಮತ್ತೆ ಹುಟ್ಟಿತು, ಒಂದು ಹಾಡು ತಡವಾಗಿ. ಎರಡು ಅಕ್ಷರ ಇಣುಕುವವನು ಇನ್ನೊಂದು ಹಾಡಿಗೆ ಕಾಯುತ್ತಾನೆ. ಇಂಥವನ್ನು ಕೆ-ರಿವರ್ಸಿಬಲ್ ಎನ್ನುತ್ತಾರೆ. ಕೆ ಎಂದರೆ ಎಷ್ಟು ಅಕ್ಷರ ಇಣುಕಬಹುದು ಎಂಬ ಲೆಕ್ಕ. ಎಚ್ಚರ ಹೆಚ್ಚಿದಷ್ಟೂ ಹೆಚ್ಚು ಹಾಡು ಬೇಕು, ಹೆಚ್ಚು ಬಗೆಯ ಗದ್ದೆಗಳೂ ಕೈಗೆ ಬರುತ್ತವೆ. ಒಂದು ಷರತ್ತು: ಎಷ್ಟು ಇಣುಕಬೇಕು ಎನ್ನುವುದನ್ನು ಕೂರುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಎಷ್ಟಾದರೂ ಆದೀತು ಎಂದರೆ ಮತ್ತೆ ಗೋಲ್ಡ್ ಅವರ ಹಳ್ಳಕ್ಕೇ ಬೀಳುತ್ತೇವೆ. ಮಿತಿಯಿರುವ ಯಾವ ಭಾಷೆಯಾದರೂ ಸಾಕಷ್ಟು ಇಣುಕಿದರೆ ಪಟ್ಟಿಯೊಳಗೆ ನುಸುಳಿಕೊಳ್ಳುತ್ತದೆ.

ಗಣಿತದವರ ಈ ಗದ್ದೆಗೂ ಹಕ್ಕಿಗೂ ಏನು ಸಂಬಂಧ, ಬರೀ ನನ್ನ ಹುಚ್ಚು ಎಂದೇ ಅಂದುಕೊಂಡಿದ್ದೆ. ಸಂಬಂಧ ಸಿಕ್ಕಿದ್ದು ಜಪಾನಿನಲ್ಲಿ, ಅದೂ ಇದೇ ಜಾತಿಯ ಹಕ್ಕಿಯಲ್ಲಿ. ಸುಮಾರು 250 ವರ್ಷದ ಕೆಳಗೆ ಚೀನಾದಿಂದ ಜಪಾನಿಗೆ ಬಿಳಿಬೆನ್ನಿನ ರಾಟವಾಳಗಳನ್ನು ಪಂಜರದಲ್ಲಿ ತಂದರು. ಅಲ್ಲಿ ಸಾಕಿ ಸಾಕಿ ಹುಟ್ಟಿದ ತಳಿಗೆ ಜೂಶಿಮತ್ಸು ಎಂದು ಹೆಸರು, ಹತ್ತು ಅಕ್ಕತಂಗಿಯರು ಎಂದು ಅರ್ಥ. ಇಂಗ್ಲಿಷಿನವರು ಯಾಕೋ ಬೆಂಗಾಲೀಸ್ ಫಿಂಚ್ ಎಂದರು; ಬಂಗಾಳಕ್ಕೂ ಅದಕ್ಕೂ ನಂಟಿಲ್ಲ. ನನ್ನ ಗಿಡದ್ದು ದಕ್ಷಿಣ ಭಾರತದ ಉಪಜಾತಿ, ಜೂಶಿಮತ್ಸು ಚೀನಾದ ಉಪಜಾತಿಯ ವಂಶ, ದೂರದ ದಾಯಾದಿಗಳು. ಸಾಕಿದವರು ಆರಿಸಿದ್ದು ಬೇರೆ ಹಕ್ಕಿಯ ಮರಿಯನ್ನೂ ಅಕ್ಕರೆಯಿಂದ ಸಾಕುವ ಗುಣವನ್ನು, ಆಮೇಲೆ ಬಿಳಿ ಗರಿಯನ್ನು. ಹಾಡನ್ನು ಯಾರೂ ಆರಿಸಲಿಲ್ಲ. ಆದರೂ ಪಂಜರದ ಹಕ್ಕಿಯ ಹಾಡು ಕಾಡಿನದಕ್ಕಿಂತ ಕವಲು ಕವಲಾಯಿತು. ಕಾಡಿನ ರಾಟವಾಳ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಹಾಡುತ್ತದೆ. ಜೂಶಿಮತ್ಸು ಮೂಲೆ ಮೂಲೆಯಲ್ಲಿ ದಾರಿ ಬದಲಿಸುತ್ತದೆ.

ಇದನ್ನು ವರ್ಷಗಟ್ಟಲೆ ಬಿಡಿಸಿ ನೋಡಿದವರು ಕಜುವೊ ಒಕನೋಯಾ ಮತ್ತು ಅವರ ಜೊತೆಯವರು. ಧ್ವನಿಮುದ್ರಣಗಳಿಂದ ನಕ್ಷೆ ತೆಗೆಯಲು ಅವರು 2009ರಲ್ಲಿ ಬಳಸಿದ್ದು ಆಂಗ್ಲುಯಿನ್ ಅವರ ಕೆ-ರಿವರ್ಸಿಬಲ್ ಗದ್ದೆಗಳನ್ನೇ. 2011ರಲ್ಲಿ ಭಾಷಾತಜ್ಞ ರಾಬರ್ಟ್ ಬರ್ವಿಕ್, ಒಕನೋಯಾ ಮತ್ತಿಬ್ಬರು ಕೂಡಿ ಹಕ್ಕಿಹಾಡಿನ ನಿಯಮ ಈ ಪಟ್ಟಿಯೊಳಗೆ ಕೂರುವಂತಿದೆ, ಸರಿಯಾದ ಹಾಡಷ್ಟೇ ಕೇಳಿದ ಮರಿ ಬೇಗ ಕಲಿಯಲು ಇದು ಕಾರಣವಾಗಬಹುದು ಎಂದು ಬರೆದರು.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಮಿಕಿ ತಕಹಾಸಿ ಮತ್ತು ಒಕನೋಯಾ 2010ರಲ್ಲಿ ಪ್ರಕಟಿಸಿದ ಮರಿ ಅದಲುಬದಲಿನ ಪ್ರಯೋಗ. ಕಾಡು ರಾಟವಾಳದ ಮರಿಯನ್ನು ಜೂಶಿಮತ್ಸು ಗೂಡಿನಲ್ಲಿ, ಅದರದನ್ನು ಇದರ ಗೂಡಿನಲ್ಲಿ ಬೆಳೆಸಿದರು. ಕಾಡಿನ ಮರಿ ತನ್ನ ಬಗೆಯ ಹಾಡನ್ನು ಅಚ್ಚುಕಟ್ಟಾಗಿ ಕಲಿಯಿತು, ಸಾಕು ಹಕ್ಕಿಯದನ್ನು ಕಲಿಯುವಾಗ ಎಡವಿತು. ಸಾಕಿದ ಹಕ್ಕಿಯ ಮರಿಗೆ ಯಾವುದಾದರೂ ಒಂದೇ, ಎರಡನ್ನೂ ಒಂದೇ ಮಟ್ಟದಲ್ಲಿ ಕಲಿಯಿತು, ಆದರೆ ಕಾಡಿನ ಮರಿ ತನ್ನದನ್ನು ಕಲಿತಷ್ಟು ಅಚ್ಚುಕಟ್ಟಾಗಿ ಅಲ್ಲ. ಕಾಡಿನ ಮರಿ ಗೂಡಿನಲ್ಲಿ ಕಣ್ಣು ಬಿಡುವಾಗಲೇ ತಲೆಯೊಳಗೆ ಒಂದು ಚಿಕ್ಕ ಪಟ್ಟಿ ಇಟ್ಟುಕೊಂಡೇ ಬರುತ್ತದೆ ಎನ್ನಬೇಕು. ಕಾಡಿನಲ್ಲಿ ಅದಕ್ಕೆ ಕಾರಣವೂ ಇದೆ: ಚುಕ್ಕೆ ರಾಟವಾಳದ ಹಿಂಡಿನೊಂದಿಗೆ ಬೆರೆತು ಮೇಯುವ ಕಡೆ ಹಾಡು ಗೋಜಲಾದರೆ ಹೆಣ್ಣಿಗೆ ತನ್ನವನು ಯಾರು ಎಂದು ಗೊತ್ತಾಗದು. ತೈವಾನಿನಲ್ಲಿ ನೋಡಿದಾಗ ಹಾಗೆ ಬೆರೆಯುವುದು ಕಡಿಮೆಯಿದ್ದ ಕಡೆ ಹಾಡು ಹೆಚ್ಚು ಕವಲೊಡೆದಿತ್ತು.

ಎಲ್ಲರೂ ಒಪ್ಪಿದ್ದಾರೆಂದಲ್ಲ. ಅದೇ 2011ರಲ್ಲಿ ಜಿನ್ ಮತ್ತು ಕೊಜೆವ್ನಿಕೊವ್ ಎಂಬಿಬ್ಬರು ಜೂಶಿಮತ್ಸು ಹಾಡಿನ ಪುನರಾವರ್ತನೆಗಳನ್ನು ಎಣಿಸಿದರು. ಒಂದು ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತ ಹೋದಂತೆ ಇನ್ನೊಮ್ಮೆ ಹೇಳುವ ಸಂಭವ ಕುಗ್ಗುತ್ತ ಬರುತ್ತದೆ, ಹಕ್ಕಿ ದಣಿದಂತೆ. ಬರಬಹುದು, ಬರಬಾರದು ಎಂದಷ್ಟೇ ಹೇಳುವ ನಕ್ಷೆಗೆ ಈ ದಣಿವು ಕಾಣುವುದಿಲ್ಲ. ನನ್ನ ಪುಸ್ತಕವನ್ನು ಆ ಕಣ್ಣಿನಿಂದ ತಿರುವಿದೆ. ಚ ಎರಡು ಅಥವಾ ಮೂರು ಸಲ ಬಂದ ಹಾಡುಗಳೇ ಹೆಚ್ಚು. ನಾಲ್ಕು ಅಪರೂಪ. ಐದು ಒಂದೇ ಬಾರಿ, ಮೋಡ ಕವಿದಿದ್ದ ಒಂದು ಮಧ್ಯಾಹ್ನ. ಆರು ಇಲ್ಲ. ಇಷ್ಟು ಹೊತ್ತು ಕೇಳಿಯೂ ಕೇಳಿಸದೆ ಹೋದದ್ದನ್ನು ಕೂಡ ಲೆಕ್ಕಕ್ಕೆ ಹಿಡಿಯಬಹುದಲ್ಲ ಎನ್ನಿಸಿತು. ಹಾಡುಗಳು ಒಂದು ಸಂಭವದ ಲೆಕ್ಕದಲ್ಲಿ ಬರುತ್ತವೆ ಎಂದು ಒಪ್ಪಿದರೆ ಗೋಲ್ಡ್ ಅವರ ತೊಡಕು ಸಡಿಲವಾಗುತ್ತದೆ ಎಂದು ಜೇಮ್ಸ್ ಹಾರ್ನಿಂಗ್ 1969ರಲ್ಲೇ ತೋರಿಸಿದ್ದರು. ಆದರೂ ಹೊಡೆದುಹಾಕಲು ಕೈ ಬರಲಿಲ್ಲ. ‘ಎಷ್ಟು ಬೇಕಾದರೂ’ ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಬಿಟ್ಟೆ.

ಅಕ್ಟೋಬರ್ ಕೊನೆಗೆ ಮರಿಗಳು ಹೊರಬಂದವು, ಐದು. ಮಾಸಲು ಕಂದು ಬಣ್ಣ, ಸೊಂಟದ ಬಿಳಿಗೆ ಇನ್ನೂ ಹೊಳಪಿಲ್ಲ. ಭತ್ತ ಹಾಲುಗಟ್ಟುವ ಹೊತ್ತು. ಅಪ್ಪ ಅಮ್ಮ ಬದುವಿನ ಹುಲ್ಲಿನ ಕಾಳು, ಗದ್ದೆಯ ಕಾಳು ಎಂದು ಭೇದವೆಣಿಸದೆ ತಂದು ತುರುಕುತ್ತಿದ್ದವು. ನಮ್ಮ ಪಾಲಿನಿಂದ ಹೋದದ್ದು ಎಷ್ಟೆಂದು ನಾನು ಎಣಿಸಲಿಲ್ಲ.

ನವೆಂಬರ್ ಕಳೆಯುವಾಗ ಐದರಲ್ಲಿ ಒಂದು ಗಂಟಲು ಅದುರಿಸತೊಡಗಿತು. ಅಂದರೆ ಒಂದಂತೂ ಗಂಡು. ಮಧ್ಯಾಹ್ನದ ಹೊತ್ತು, ಹೊಟ್ಟೆ ತುಂಬಿದ ಮೇಲೆ, ಕಣ್ಣು ಅರೆಮುಚ್ಚಿ ಕೂತು ಗೊಣಗುತ್ತಿತ್ತು. ನಿದ್ದೆಯಲ್ಲಿ ಮಗು ಬಾಯಿಪಾಠ ಒಪ್ಪಿಸಿದ ಹಾಗೆ. ವೇಗ ತಗ್ಗಿಸಿ ಕೇಳಿದರೂ ಅಕ್ಷರ ಬಿಡಿಸಲು ಬರಲಿಲ್ಲ, ಎಲ್ಲ ಕಲಸುಮೇಲೋಗರ. ಅಪ್ಪ ಹಾಡಿದಾಗ ಮಾತ್ರ ಗೊಣಗುವುದು ನಿಲ್ಲಿಸಿ, ಕೊಂಬೆಯ ಮೇಲೆ ಅಡ್ಡಡ್ಡ ಸರಿದು ಹೋಗಿ, ಕೊಕ್ಕಿನ ಬುಡಕ್ಕೆ ತಲೆ ಒಡ್ಡುತ್ತಿತ್ತು.

ಡಿಸೆಂಬರ್ ಎರಡನೇ ವಾರ ಕ ಸ್ಪಷ್ಟವಾಯಿತು. ಅಡಿಕೆ ಕತ್ತರಿಸಿದ ಅದೇ ಒಣ ಸದ್ದು. ಅದರ ಬೆನ್ನಿಗೆ ಚ. ಕೊಯ್ಲಿನ ದಿನ ಬೆಳಿಗ್ಗೆ ಮೊಬೈಲ್ ಬಿಚ್ಚಿ ತಂದು ಕಟ್ಟೆಯ ಮೇಲೆ ಕೂತು ಕೇಳಿದೆ: ಕ, ಚ, ಚ, ಚ, ಚ, ಚ, ಚ. ಆರು. ಎರಡು ಸಲ ಎಣಿಸಿದೆ, ಆರೇ. ಅದಾದ ಮೇಲೆ ಬರಬೇಕಾದ ರ ಇಲ್ಲ. ಅಲ್ಲಿ ಬರುವುದು ಗದ್ದೆಗಿಳಿದವರ ಮಾತು, ಕತ್ತಿ ಮಸೆಯುವ ಸದ್ದು, ಹಿಂಡಿಗೆ ಹಿಂಡೇ ಎದ್ದ ರೆಕ್ಕೆಯ ಸದ್ದು.